ಬಾಡಿಗೆ ಮನೆ ಗೀಸರ್: ಡಿಸೆಂಬರ್‌ನಲ್ಲಿ 208 ಯೂನಿಟ್ ಹೇಗಾಯ್ತು?

ಪ್ರಶ್ನೆ: ಬೆಂಗಳೂರಲ್ಲಿ ಬಾಡಿಗೆ ಫ್ಲ್ಯಾಟ್, ನಾನು, ನಮ್ಮೆಜಮಾನ್ರು, ಆರು ವರ್ಷದ ಮಗಳು. ಓನರ್ ಹಾಕಿಸಿರೋ 25 ಲೀಟರ್ ಗೀಸರ್ ಇದೆ, 2 ಕಿಲೋವ್ಯಾಟ್ ಅಂತ ಬರ್ದಿದೆ, ಹತ್ತು ವರ್ಷ ಹಳೇದಂತೆ. ಗೃಹಜ್ಯೋತಿಯಲ್ಲಿ ನಮಗೆ 148 ಯೂನಿಟ್ ಫ್ರೀ. ನವೆಂಬರ್‌ನಲ್ಲಿ 171 ಬಂತು, ಮೇಲಿಂದಕ್ಕೆ ಸ್ವಲ್ಪ ದುಡ್ಡು ಕಟ್ಟಿದ್ವಿ. ಡಿಸೆಂಬರ್‌ದು 208 ಬಂದು ಪೂರ್ತಿ ಬಿಲ್ ಕಟ್ಟಿ ಅಂತಿದೆ. ಮೊದ್ಲು ಇಪ್ಪತ್ತು ಇಪ್ಪತ್ತೈದು ನಿಮಿಷ ಹಾಕಿ ಆಫ್ ಮಾಡ್ತಿದ್ವಿ. ಈಗ ಚಳಿಗೆ ಬೆಳಗ್ಗೆ ಐದೂವರೆಗೆ ಹಾಕಿದ್ರೆ ಒಂಬತ್ತಕ್ಕೆ ಅವ್ರು ಆಫೀಸಿಗೆ ಹೊರಡೋವಾಗ ಆಫ್. ಎಲ್ರದ್ದೂ ಬಕೆಟ್ ಸ್ನಾನನೇ. ದಿನವಿಡೀ ಆನ್ ಇಟ್ರೇ ಕರೆಂಟ್ ಕಮ್ಮಿ ಅಂತಾರೆ ಕೆಲವ್ರು, ಇನ್‌ಸ್ಟಂಟ್ ಗೀಸರ್ ತಗೊಳ್ಳಿ ಅಂತಾರೆ ಇನ್ನು ಕೆಲವ್ರು. ಓನರ್ ಅಂತೂ ಹೊಸದು ಹಾಕ್ಸಲ್ಲ ಅಂದ್ಬಿಟ್ರು. ಏನ್ ಮಾಡ್ಲಿ?

ಉತ್ತರ: ಮೊದ್ಲು ನಿಮ್ಮ ಹೊಟ್ಟೆ ಉರಿ ಎಷ್ಟು ನ್ಯಾಯ ಅಂತ ನೋಡೋಣ. ಅರ್ಹತೆ ಯೂನಿಟ್ (ನಿಮಗೆ 148) ದಾಟಿ 200ರ ಒಳಗೆ ಇದ್ರೆ ದಾಟಿದ್ದಕ್ಕೆ ಮಾತ್ರ ದುಡ್ಡು, 200 ದಾಟಿದ್ರೆ ಮೊದಲನೇ ಯೂನಿಟ್‌ನಿಂದ ಲೆಕ್ಕ. 2025-26ರ ರೇಟ್ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಹಿಡಿದ್ರೆ ಕರೆಂಟಿಂದೇ 1206 ರೂಪಾಯಿ, ಅದ್ರ ಮೇಲೆ ಕಿಲೋವ್ಯಾಟ್‌ಗೆ 145ರ ಥರ ಫಿಕ್ಸೆಡ್ ಚಾರ್ಜು, ಸರ್‌ಚಾರ್ಜು, ಟ್ಯಾಕ್ಸು. ಅಂದ್ರೆ ಬರೀ ಎಂಟು ಯೂನಿಟ್ ಜಾಸ್ತಿ ಆಗಿದ್ದಕ್ಕೆ ಸಾವಿರದ ಮೇಲೆ ಹೋಯ್ತು. ಹಾಗಾಗಿ ನಿಮಗೆ ಬೇಕಾಗಿರೋದು ಅರ್ಧಕ್ಕರ್ಧ ಉಳಿತಾಯ ಏನಲ್ಲ, ತಿಂಗಳಿಗೆ ಒಂದು ಇಪ್ಪತ್ತು ಯೂನಿಟ್ ಇಳಿದ್ರೆ ಸಾಕು. ಅದಕ್ಕೆ ಹೊಸ ಗೀಸರ್ ಬೇಕಿಲ್ಲ.

ನವೆಂಬರ್‌ಗೂ ಡಿಸೆಂಬರ್‌ಗೂ 37 ಯೂನಿಟ್ ವ್ಯತ್ಯಾಸ, ದಿನಕ್ಕೆ ಹೆಚ್ಚುಕಮ್ಮಿ 1.2. ಈ 1.2 ನೋಡಿದ ತಕ್ಷಣ ನನಗೆ ನಗು ಬಂತು, ಯಾಕಂದ್ರೆ 25 ಲೀಟರ್ ನೀರನ್ನ ಚಳಿಗಾಲದ 19 ಡಿಗ್ರಿಯಿಂದ 60ಕ್ಕೆ ಏರಿಸೋಕೆ ಬೇಕಾಗೋದು ಸರಿಯಾಗಿ ಅಷ್ಟೇ, 1.2 ಯೂನಿಟ್. ಹಾಗಂತ ದಿನಾ ಒಂದು ಟ್ಯಾಂಕ್ ಪೂರ್ತಿ ದಂಡ ಅಂತಲ್ಲ. ಮಹಡಿ ಮೇಲಿನ ಟ್ಯಾಂಕಿ ನೀರು ತಣ್ಣಗಿರೋದ್ರಿಂದ ಮತ್ತೆ ನೀವೂ ಸ್ವಲ್ಪ ಬಿಸಿ ಜಾಸ್ತಿ ಹಾಕ್ಕೊಳ್ಳೋದ್ರಿಂದ ಮೂರು ಸ್ನಾನಕ್ಕೆ ಸುಮಾರು ಅರ್ಧ ಯೂನಿಟ್ ಹೆಚ್ಚಾಗುತ್ತೆ, ಅದನ್ನ ಚಳಿ ಲೆಕ್ಕಕ್ಕೆ ಬರ್ಕೊಳ್ಳಿ. ಮಿಕ್ಕಿದ ಮುಕ್ಕಾಲು ಯೂನಿಟ್ ಎಲ್ಲಿ ಹೋಯ್ತು ಅಂದ್ರೆ ಎಲ್ಲರ ಸ್ನಾನ ಮುಗಿದ ಮೇಲೆ.

ಗೀಸರ್ ಒಳಗೆ ಏನಾಗುತ್ತೆ ಅಂದ್ರೆ, ನೀವು ನಲ್ಲಿ ತಿರುಗ್ಸಿದಾಗ ಬಿಸಿನೀರು ತಾನಾಗಿ ಹೊರಗೆ ಬರಲ್ಲ, ಕೆಳಗಿಂದ ತಣ್ಣೀರು ಒಳಗೆ ನುಗ್ಗಿ ಬಿಸಿನೀರನ್ನ ಮೇಲಿನ ಪೈಪಿಗೆ ತಳ್ಳುತ್ತೆ. ಕೊನೆಯವರು ಬಕೆಟ್ ತುಂಬಿಸ್ಕೊಂಡಾಗ ಟ್ಯಾಂಕಲ್ಲಿ ಬಹುಪಾಲು ತಣ್ಣೀರೇ ಇರುತ್ತೆ. ಸ್ವಿಚ್ ಆನ್ ಇದ್ದ ಪಕ್ಷದಲ್ಲಿ ಅದು ಪಾಪ ತನ್ನ ಕೆಲಸ ಮಾಡುತ್ತೆ, ಅಷ್ಟೂ ನೀರನ್ನ ಮತ್ತೆ 60ಕ್ಕೆ ಏರಿಸಿ ಕೆಂಪು ಲೈಟ್ ಆರಿಸಿ ಕೂತ್ಕೊಳ್ಳುತ್ತೆ. ನೀವು ಮನೆ ಬೀಗ ಹಾಕಿ ಹೊರಡ್ತೀರಿ. ಮಾರನೇ ದಿನ ಬೆಳಗ್ಗೆ ಹೊತ್ತಿಗೆ ಹತ್ತು ವರ್ಷದ ಟ್ಯಾಂಕಲ್ಲಿ ಆ ಬಿಸಿಯ ಬಹುಪಾಲು ಗೋಡೆಗೆ ಗಾಳಿಗೆ ಹೋಗಿರುತ್ತೆ. ಊರಲ್ಲಿ ಬಚ್ಚಲೊಲೆ ಹಂಡೆ ಇದ್ದ ಕಾಲದಲ್ಲಿ ಅಜ್ಜಿ ಕೊನೆಯವರ ಸ್ನಾನಕ್ಕೆ ಮುಂಚೆನೇ ಸೌದೆ ಹೊರಗೆ ಎಳೀತಿದ್ರಲ್ಲ, ಅದೇ ಲೆಕ್ಕ ಇದು.

ಹಾಗಾಗಿ ನಾಳೆಯಿಂದ ಹೀಗ್ಮಾಡಿ: ಮೊದಲ ಸ್ನಾನಕ್ಕೆ 35 ನಿಮಿಷ ಮುಂಚೆ ಆನ್ (2 ಕಿಲೋವ್ಯಾಟ್‌ಗೆ ಒಂದು ಟ್ಯಾಂಕ್ ಕಾಯೋಕೆ ಹಿಡಿಯೋದು ಅಷ್ಟೇ), ಮೂರೂ ಜನದ್ದು ಒಂದರ ಹಿಂದೆ ಒಂದು ಮುಗಿಲಿ, ಕೊನೆಯವರು ಬಚ್ಚಲಿಗೆ ಹೋಗೋವಾಗ್ಲೇ ಆಫ್. ನೀರು ಸಾಕಾಗುತ್ತೆ. 60 ಡಿಗ್ರಿಯ 25 ಲೀಟರ್‌ಗೆ ತಣ್ಣೀರು ಬೆರೆಸಿದ್ರೆ 40 ಡಿಗ್ರಿಯ 48 ಲೀಟರ್ ಆಗುತ್ತೆ, ಅಂದ್ರೆ ನಮ್ಮ ಮಾಮೂಲಿ ಬಕೆಟಲ್ಲಿ ಸುಮಾರು ಮೂರು. ಯಜಮಾನ್ರಿಗೆ ಒಂಬತ್ತಕ್ಕೆ ಸ್ವಿಚ್ ನೆನಪಾಗೋದು ಬಿಟ್ಟು ಟವಲ್ ತಗೊಳ್ಳೋವಾಗ ನೆನಪಾದ್ರೆ ತಿಂಗಳಿಗೆ 20-24 ಯೂನಿಟ್ ಇಳಿಯುತ್ತೆ, ನೀವು 190ರ ಒಳಗೆ ಬಂದ್ರಿ.

ದಿನವಿಡೀ ಆನ್ ಇಟ್ರೆ ಕಮ್ಮಿ ಅನ್ನೋ ಮಾತು ಎಲ್ಲಿಂದ ಹುಟ್ತೋ ಗೊತ್ತಿಲ್ಲ, ಆದ್ರೆ ಸುಳ್ಳು. ಬಿಸಿ ನೀರು ಎಷ್ಟು ಹೊತ್ತು ಕೂತಿರುತ್ತೋ ಅಷ್ಟು ಹೊತ್ತು ಬಿಸಿ ಸೋರ್ತಾನೇ ಇರುತ್ತೆ. ನಂಬಿಕೆ ಬರದಿದ್ರೆ ಮೀಟರ್ ಕೇಳಿ: ಎರಡು ರಾತ್ರಿ ಗೀಸರ್ ಆನ್ ಬಿಟ್ಟು, ಎರಡು ರಾತ್ರಿ ಆಫ್ ಮಾಡಿ ಬೆಳಗ್ಗೆ ಹಾಕಿ, ರಾತ್ರಿ ಹತ್ತು ಗಂಟೆ ರೀಡಿಂಗು ಬೆಳಗ್ಗೆ ಸ್ನಾನ ಮುಗಿದ ಮೇಲಿನ ರೀಡಿಂಗು ಫೋನಲ್ಲಿ ಫೋಟೋ ಹೊಡ್ಕೊಳ್ಳಿ. ಫ್ರಿಜ್ಜು ಫ್ಯಾನು ಸ್ನಾನ ನಾಲ್ಕೂ ಸಲ ಒಂದೇ ಥರ ಇರೋದ್ರಿಂದ ವ್ಯತ್ಯಾಸ ಗೀಸರ್‌ದೇ.

ಇನ್‌ಸ್ಟಂಟ್, ಅಂದ್ರೆ ನೀರು ಹರಿಯೋವಾಗ್ಲೇ ಕಾಯಿಸೋ ಗೀಸರ್ ವಿಷ್ಯ. ಎಲ್ಲಾ ಎಲಿಮೆಂಟೂ (ನೀರು ಕಾಯಿಸೋ ಸುರುಳಿ) ಕರೆಂಟನ್ನ ಪೂರ್ತಿ ಬಿಸಿಯಾಗೇ ಮಾಡೋದು, ಇದ್ರಲ್ಲಿ ಒಂದು ಕಂಪನಿ ಜಾಣ ಇನ್ನೊಂದು ದಡ್ಡ ಅಂತಿಲ್ಲ, ಒಂದು ಬಕೆಟ್ ಬಿಸಿನೀರಿಗೆ ಎಲ್ಲಿ ಕಾಯಿಸಿದ್ರೂ ಸುಮಾರು 0.4 ಯೂನಿಟ್. ಇನ್‌ಸ್ಟಂಟಲ್ಲಿ ನೀರು ಕೂತು ಆರೋ ನಷ್ಟ ಕಮ್ಮಿ, ಅಷ್ಟೇ. ಆದ್ರೆ 3 ಕಿಲೋವ್ಯಾಟ್‌ದು ನಿಮಿಷಕ್ಕೆ 2 ಲೀಟರ್ ಬಿಟ್ರೆ 21 ಡಿಗ್ರಿ ಏರಿಸುತ್ತೆ, 3 ಲೀಟರ್ ಬಿಟ್ರೆ 14 ಡಿಗ್ರಿ ಮಾತ್ರ, ಅಂದ್ರೆ ಜನವರಿ ಬೆಳಗ್ಗೆ ಒಂದೋ ಉಗುರು ಬೆಚ್ಚಗಿನ ನೀರು ಇಲ್ಲಾ ದಾರದಂಥ ಧಾರೆ, ಬಕೆಟ್ ತುಂಬೋಕೆ ಎಂಟು ನಿಮಿಷ. ಜೊತೆಗೆ 13 ಆಂಪ್ಸ್ ಎಳೆಯುತ್ತೆ, ಅಡುಗೆಮನೇಲಿ ಇಂಡಕ್ಷನ್ ಉರೀತಿದ್ರೆ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ಕರೆಂಟ್ ಕಡಿಯೋ ಸ್ವಿಚ್) ಟ್ರಿಪ್ ಆಗಬಹುದು. ಪಾತ್ರೆ ತೊಳೆಯೋಕೆ ಚೆಂದ, ನಾನಂತೂ ಸ್ನಾನಕ್ಕೆ ಹೇಳಲ್ಲ. ಮೂರು ನಾಲ್ಕು ವರ್ಷ ಬಾಡಿಗೆಲೇ ಇರ್ತೀವಿ ಅನ್ನೋದಾದ್ರೆ ನಿಮ್ಮದೇ 15 ಲೀಟರ್ ಫೈವ್ ಸ್ಟಾರ್ ತಗೊಳ್ಳಿ, ಬಿಡೋವಾಗ ಬಿಚ್ಕೊಂಡು ಹೋಗಬಹುದು, ಹಳೇದನ್ನ ಓನರ್‌ಗೆ ಒಪ್ಸಿ ಫೋಟೋ ಇಟ್ಕೊಳ್ಳಿ, ಇಲ್ಲಾಂದ್ರೆ ಅಡ್ವಾನ್ಸ್ ವಾಪಸ್ ಕೊಡೋವಾಗ ಗೀಸರ್ ಎಲ್ಲಿ ಅಂತ ಶುರುವಾಗುತ್ತೆ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಬೋರ್‌ವೆಲ್ ನೀರಾಗಿದ್ರೆ ಒಳಗೆ ಸುಣ್ಣ ಕಟ್ಟಿರುತ್ತೆ, ಕಾಯೋವಾಗ ಪಟಪಟ ಸದ್ದು ಬಂದ್ರೆ ಅದೇ. ಇದರಿಂದ ಬಿಲ್ ಡಬಲ್ ಆಗುತ್ತೆ ಅಂತ ಸರ್ವೀಸ್‌ನವ್ರು ಹೆದರಿಸ್ತಾರೆ, ಹಾಗೇನಿಲ್ಲ, ಬಿಸಿ ಕೊನೆಗೆ ನೀರಿಗೇ ಹೋಗೋದು. ಆದ್ರೆ ಎಲಿಮೆಂಟ್ ಸುಣ್ಣದ ಕವಚದೊಳಗೆ ಬೆಂದು ಸುಟ್ಟು ಹೋಗುತ್ತೆ, ಟ್ಯಾಂಕಲ್ಲಿ ಜಾಗನೂ ಕಮ್ಮಿಯಾಗುತ್ತೆ. ಕ್ಲೀನ್ ಮಾಡ್ಸೋದು ನಿಮ್ಮ ಖರ್ಚು, ಎಲಿಮೆಂಟ್ ಅಥವಾ ಥರ್ಮೋಸ್ಟ್ಯಾಟ್ (ನೀರಿನ ಬಿಸಿ ಎಷ್ಟಿರಬೇಕು ಅಂತ ನೋಡ್ಕೊಳ್ಳೋ ಭಾಗ) ಸತ್ರೆ ಓನರ್ ಖರ್ಚು ಅಂತ ಮಾತಾಡ್ಕೊಳ್ಳಿ, ಸಾಮಾನ್ಯವಾಗಿ ಒಪ್ತಾರೆ. ಕ್ಲೀನ್‌ಗೆ ಬಿಚ್ಚಿದಾಗ ಆನೋಡ್ ರಾಡ್ (ಟ್ಯಾಂಕ್ ಬದಲು ತಾನು ಸವೆಯೋ ಲೋಹದ ಕಡ್ಡಿ) ಸವೆದಿದ್ಯಾ ನೋಡಿ ಅಂತ ಹೇಳಿ, ಅದು ಪೂರ್ತಿ ಕರಗಿದ್ಮೇಲೆ ಟ್ಯಾಂಕೇ ತುಕ್ಕು ಹಿಡಿಯೋದು. ಥರ್ಮೋಸ್ಟ್ಯಾಟ್ 55ಕ್ಕೆ ಇಳಿಸಿದ್ರೂ ತೊಂದ್ರೆ ಇಲ್ಲ, 40ಕ್ಕೆ ಇಳಿಸಿ ಬಿಡಬೇಡಿ, ಆ ಬೆಚ್ಚಗಿನ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ. ಮಗಳ ಬಕೆಟಿಗೆ ಯಾವಾಗ್ಲೂ ತಣ್ಣೀರು ಮೊದ್ಲು ಬಿಡಿ.

ಇನ್ನೊಂದು, ಗೀಸರ್ ಕೆಳಗೆ ಇನ್‌ಲೆಟ್ ಹತ್ರ ಒಂದು ಸಣ್ಣ ವಾಲ್ವ್ ಇರುತ್ತೆ, ಕಾಯೋವಾಗ ಅದ್ರಿಂದ ನಾಲ್ಕು ಹನಿ ತೊಟ್ಟಿಕ್ಕೋದು ಮಾಮೂಲಿ, ನೀರು ಬಿಸಿಯಾದಾಗ ಹಿಗ್ಗುತ್ತಲ್ಲ ಅದಕ್ಕೆ. ಹಿಂದಿನ ಬಾಡಿಗೆಯವರು ಅದಕ್ಕೆ ಎಂ-ಸೀಲ್ ಮೆತ್ತಿದ್ದಾರಾ ಅಂತ ಇವತ್ತೇ ಟಾರ್ಚ್ ಹಾಕಿ ನೋಡಿ. ಮೆತ್ತಿದ್ರೆ ಹಿಗ್ಗಿದ ನೀರಿನ ಒತ್ತಡಕ್ಕೆ ಹೊರಗೆ ಹೋಗೋ ದಾರಿ ಇರಲ್ಲ, ಆ ವಾಲ್ವ್ ಬದಲಾಯಿಸೋ ತನಕ ಗೀಸರ್ ಆನ್ ಮಾಡ್ಬೇಡಿ, ಎರಡು ದಿನ ಗ್ಯಾಸ್ ಮೇಲೆ ನೀರು ಕಾಯಿಸ್ಕೊಂಡ್ರೂ ಪರವಾಗಿಲ್ಲ.