ಯಾವ ಊರಿಗೆ ಯಾವ ತಿನಿಸು ಎಂದು ತೋರಿಸುವ ದೇಶದ ತಿಂಡಿ ನಕ್ಷೆಯಲ್ಲಿ ಹಾಸನ, ಚಿಕ್ಕಮಗಳೂರಿಗೆ ಏನು ಬರೆಯಬೇಕು?

ಜಿಲ್ಲೆ ನೋಡಿ ಬರೆಯಬೇಡಿ, ಮಳೆ ನೋಡಿ ಬರೆಯಿರಿ. ಹಾಸನ ಒಂದೇ ಜಿಲ್ಲೆ, ಊಟ ಮಾತ್ರ ಎರಡು. ಅರಸೀಕೆರೆ ಕಡೆ ಮಳೆ ಕಡಿಮೆ, ಅಲ್ಲಿ ರಾಗಿ ಮುದ್ದೆ. ಸಕಲೇಶಪುರಕ್ಕೆ ಬಂದರೆ ಭತ್ತದ ಗದ್ದೆ, ಹಾಗಾಗಿ ಅಕ್ಕಿ ರೊಟ್ಟಿ, ಕಡುಬು. ಚಿಕ್ಕಮಗಳೂರಲ್ಲೂ ಅಷ್ಟೇ: ಕಡೂರಿನದು ಮುದ್ದೆ, ಮೂಡಿಗೆರೆಯದು ರೊಟ್ಟಿ.

ನನ್ನನ್ನು ಕೇಳಿದರೆ ಮಲೆನಾಡಿಗೆ ಕಳಲೆ ಬರೆಯಲೇಬೇಕು. ಮಳೆಗಾಲದಲ್ಲಿ ಮೇಲೇಳುವ ಎಳೆ ಬಿದಿರು ಅದು. ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಹಾಕುತ್ತಾರೆ. ಸುಮ್ನೆ ಹಾಗೇ ಬೇಯಿಸಿದರೆ ಕಹಿ, ಹೊಟ್ಟೆಗೂ ಒಳ್ಳೆಯದಲ್ಲ. ಆಮೇಲೆ ಕಾಳು ಹಾಕಿ ಸಾರು. ಹಬೆಯಾಡುವ ಕಡುಬಿನ ಜೊತೆ ತಿಂದು ನೋಡಿ!

ಕಾಫಿಗೆ ಯೋಚನೆ ಬೇಡ. ಚಿಕ್ಕಮಗಳೂರು ಅರೇಬಿಕಾ ಕಾಫಿಗೆ 2019ರಲ್ಲೇ ಜಿಐ ಟ್ಯಾಗ್ (ಇದು ಆ ಜಾಗದ್ದೇ ಎನ್ನುವ ಭೌಗೋಳಿಕ ಗುರುತು) ಸಿಕ್ಕಿದೆ.