ಎನ್‌ಡಿ ಫಿಲ್ಟರ್ ಹಾಕಿದಾಗ ಬಂಡೆಯ ಮೇಲೆ ಫ್ಲ್ಯಾಶ್ ಯಾಕೆ ಕಾಣುವುದಿಲ್ಲ?

ಕಾಪು ದೀಪಸ್ತಂಭದ ಬಳಿ ಸೂರ್ಯಾಸ್ತಕ್ಕೆ 10 ಸ್ಟಾಪ್ ಎನ್‌ಡಿ (ಲೆನ್ಸ್ ಮುಂದೆ ಹಾಕುವ, ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ 30 ಸೆಕೆಂಡ್ ತೆಗೆದರೆ ಕಡಲು ಚೆನ್ನಾಗಿ ಬರುತ್ತದೆ, ಎದುರಿನ ಬಂಡೆ ಮಾತ್ರ ಕರ‍್ರಗೆ, ಫ್ಲ್ಯಾಶ್ ಹೊಡೆದರೂ ಅಷ್ಟೇ ಎಂದು ಕೇಳಿದ್ದೀರಿ. ನಿಮ್ಮ ಫ್ಲ್ಯಾಶ್ ಕೆಟ್ಟಿಲ್ಲ. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೇ ಇಳಿಯುವುದರಿಂದ ಬಂಡೆಯ ನಮ್ಮ ಕಡೆಯ ಮೈ ಪೂರ್ತಿ ನೆರಳು. ಅದರ ಮೇಲೆ ಬಿದ್ದ ಫ್ಲ್ಯಾಶ್ ಬೆಳಕೂ ಲೆನ್ಸ್ ಒಳಗೆ ಬರುವಾಗ ಅದೇ ಫಿಲ್ಟರ್ ದಾಟಬೇಕು. ಶಟರ್ 30 ಸೆಕೆಂಡ್ ತೆರೆದಿದ್ದರೆ ಆಕಾಶದ ಬೆಳಕು ಕೂಡುತ್ತಾ ಹೋಗುತ್ತದೆ; ಫ್ಲ್ಯಾಶ್ ಮಿಂಚಿ ಮುಗಿಯುವುದು ಕ್ಷಣದಲ್ಲಿ. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು; 10 ಸ್ಟಾಪ್ ಎಂದರೆ ಸಾವಿರದಲ್ಲಿ ಒಂದು ಪಾಲು ಬೆಳಕು. ಸರಿದೂಗಿಸಲು ಸಾವಿರ ಸಲ ಹೊಡೆಯಬೇಕು.

ಆದ್ದರಿಂದ ಬಂಡೆಯ ವಿವರ ಬೇಕಿದ್ದರೆ 10 ಸ್ಟಾಪ್ ಪಕ್ಕಕ್ಕಿಡಿ, 3 ಸ್ಟಾಪ್‌ನ ಎನ್‌ಡಿ8 ಸಾಕು. ಲೆಕ್ಕ ಹೀಗೆ: ಐಎಸ್ಓ 100ರಲ್ಲಿ ಗೈಡ್ ನಂಬರ್ (ಫ್ಲ್ಯಾಶ್ ಶಕ್ತಿಯ ಅಳತೆ; ಎಫ್ ಸಂಖ್ಯೆಯಿಂದ ಭಾಗಿಸಿದರೆ ದೂರ ಸಿಗುತ್ತದೆ) 33 ಇರುವ ಫ್ಲ್ಯಾಶ್, ಲೆನ್ಸಿನ ತೆರಪು ಎಫ್/11 ಇದ್ದಾಗ 3 ಮೀಟರ್ ದೂರ ಸರಿಯಾಗಿ ಬೆಳಗುತ್ತದೆ. ಎನ್‌ಡಿ8 ಹಾಕಿದರೆ ಎಂಟು ಪಟ್ಟು ಬೇಕು. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಬಂಡೆಗೆ 1.5 ಮೀಟರ್ ಹತ್ತಿರ ಹಿಡಿದರೆ ದೂರ ಅರ್ಧವಾದ್ದರಿಂದ ನಾಲ್ಕು ಪಟ್ಟು ಅಲ್ಲೇ ಸಿಕ್ಕಿತು, ಉಳಿದದ್ದು ಎರಡು ಪಟ್ಟು, ಅಂದರೆ ಒಂದು ಸ್ಟಾಪ್. ನೆರಳು ತುಂಬುವ ಫಿಲ್ ಬೆಳಕು ಹೇಗೂ ಒಂದು ಸ್ಟಾಪ್ ಕಡಿಮೆ ಇದ್ದರೇ ಚೆಂದ, ಇಲ್ಲದಿದ್ದರೆ ಬಂಡೆ ಅಂಟಿಸಿದ ಹಾಗೆ ಕಾಣುತ್ತದೆ. ಅಲ್ಲಿಗೆ ಫುಲ್ ಪವರ್‌ನ ಒಂದೇ ಹೊಡೆತ ಸಾಕಾಯಿತು.

ಮೊದಲು ಫ್ಲ್ಯಾಶ್ ಇಲ್ಲದೆ ಆಕಾಶಕ್ಕೆ ಎಕ್ಸ್‌ಪೋಶರ್ ಗಟ್ಟಿ ಮಾಡಿಕೊಳ್ಳಿ. ಫಿಲ್ಟರ್ ಇಲ್ಲದ ಲೆನ್ಸ್‌ಗೆ 1/8 ಸೆಕೆಂಡ್ ಬಂದರೆ ಎನ್‌ಡಿ8 ಜೊತೆ 1 ಸೆಕೆಂಡ್. ನನ್ನ ಆಯ್ಕೆ ಇದೇ: ಅಲೆ ಹಿಂದಕ್ಕೆ ಸರಿಯಲು ಶುರುವಾದ ಕ್ಷಣ ಶಟರ್ ಒತ್ತಿದರೆ ನೊರೆ ಬಂಡೆಯ ಸಂದುಗಳಿಂದ ಬಿಳಿ ಎಳೆಎಳೆಯಾಗಿ ಇಳಿಯುತ್ತದೆ, 30 ಸೆಕೆಂಡಿನಲ್ಲಿ ಆ ಎಳೆಗಳೆಲ್ಲ ಮಂಜಾಗಿ ಬಿಡುತ್ತವೆ. ಆಮೇಲೆ ಫ್ಲ್ಯಾಶ್, ಮ್ಯಾನ್ಯುಯಲ್‌ನಲ್ಲೇ. ಬಂಡೆ ಮಾತ್ರ ಹೆಚ್ಚು ಕಡಿಮೆ ಆಗಬೇಕಿದ್ದರೆ ಪವರ್ ಅಥವಾ ದೂರ ಬದಲಿಸಿ, ಶಟರ್ ಮುಟ್ಟಬೇಡಿ.

ಬೆಳಕು ಪಕ್ಕದಿಂದ ಓರೆಯಾಗಿ ಬರಲಿ. ಕ್ಯಾಮೆರಾ ತಲೆಯ ಮೇಲಿಂದ ಹೊಡೆದರೆ ಒದ್ದೆ ಬಂಡೆ ಕನ್ನಡಿಯಂತೆ ಹೊಳೆಯುತ್ತದೆ, ಲೆನ್ಸ್ ಮುಂದೆ ಹಾರುವ ತುಂತುರು ಬಿಳಿ ಚುಕ್ಕಿಗಳಾಗಿ ಚಿತ್ರದ ತುಂಬ ಕೂರುತ್ತದೆ. ಬಂಡೆಗೆ ಅಲೆ ಅಪ್ಪಳಿಸುವಾಗಲೂ ಹೊಡೆಯಬೇಡಿ: ಹರಿಯುವ ನೊರೆಯ ನಡುವೆ ಹೆಪ್ಪುಗಟ್ಟಿದ ಹನಿಗಳು ಬೇರೆಯೇ ಕಾಣುತ್ತವೆ. ಸೂರ್ಯಾಸ್ತದ ಕೆಂಪಿಗೆ ಬರೀ ಫ್ಲ್ಯಾಶ್ ನೀಲಿ ಎನಿಸುವುದರಿಂದ ಅದರ ಮುಖಕ್ಕೆ ಅರ್ಧ ಸಿಟಿಓ ಎಂಬ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಅಂಟಿಸಿ.

ಹಾಲಿನಂಥ ಕಡಲೇ ಬೇಕೆಂದರೆ ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಕಾಯಿರಿ. ಆಗ ಎನ್‌ಡಿ ತೆಗೆದರೂ ಹಲವು ಸೆಕೆಂಡಿನ ಶಟರ್ ಸಿಗುತ್ತದೆ, ಫ್ಲ್ಯಾಶ್ ಕಾಲು ಪವರ್‌ಗೇ ಕೆಲಸ ಮಾಡುತ್ತದೆ.

ಟ್ರೈಪಾಡ್ ಕಾಲುಗಳನ್ನು ಮರಳಿಗೆ ಒತ್ತಿ, ಒಂದೆರಡು ಅಲೆ ಬಂದು ಹೋಗಿ ಕಾಲು ಕೂತ ಮೇಲೆ ಫ್ರೇಮ್ ಮಾಡಿ. ನೀರಿನಲ್ಲಿದ್ದಾಗ ಫ್ಲ್ಯಾಶ್ ಹಿಡಿದವರು ಕಡಲಿಗೆ ಬೆನ್ನು ಹಾಕಬಾರದು. ಮನೆಗೆ ಬಂದ ರಾತ್ರಿಯೇ ಟ್ರೈಪಾಡನ್ನು ಸಿಹಿನೀರಲ್ಲಿ ತೊಳೆದು, ಫ್ಲ್ಯಾಶಿನ ಕಾಲಿನ ಲೋಹದ ಬಿಂದುಗಳನ್ನು ತುಸು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಉಪ್ಪು ಕೂತರೆ ಮುಂದಿನ ಸಲ ಫ್ಲ್ಯಾಶ್ ಹೊತ್ತುವುದೇ ಇಲ್ಲ.