ದ್ವೇಷ ಭಾಷಣ ತಡೆಯುವ ಕಾನೂನುಗಳಿಂದ ವಾಕ್ ಸ್ವಾತಂತ್ರ್ಯಕ್ಕೆ ಅಪಾಯ ಇದೆಯಾ?

ಇದೆ. ಆದರೆ ಎಲ್ಲ ಕಾನೂನುಗಳಿಂದಲೂ ಅಲ್ಲ.

ಅಮೆರಿಕದಲ್ಲಿ ಇಂಥ ಕಾನೂನು ಇಲ್ಲ, ಜರ್ಮನಿಯಲ್ಲಿ ಬಿಗಿಯಾಗಿದೆ, ಇವರಲ್ಲಿ ಯಾರು ಸರಿ ಅಂತ ಕೇಳಿದ್ದೀರಿ. ನಾನು ಮೊದಲು ನೋಡುವುದು ಆಫ್ರಿಕಾದ ರುವಾಂಡಾವನ್ನು. ವಿಷ ಕಾರುವವರನ್ನು ತಡೆಯದಿದ್ದರೆ ಏನಾಗುತ್ತದೆ, ತಡೆಯುವ ಹೆಸರಲ್ಲಿ ಸರ್ಕಾರ ಏನೇನು ಮಾಡಬಹುದು, ಎರಡನ್ನೂ ಆ ದೇಶ ಕಂಡಿದೆ.

1993ರಲ್ಲಿ ಅಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೊ ಶುರುವಾಯಿತು. ಒಳ್ಳೊಳ್ಳೆ ಹಾಡು, ಹರಟೆ, ತಮಾಷೆ. ಜನ ಇಷ್ಟಪಟ್ಟು ಕೇಳುತ್ತಿದ್ದರು. ಅದರ ನಡುವೆಯೇ ಅಲ್ಲಿನ ಅಲ್ಪಸಂಖ್ಯಾತ ಸಮುದಾಯವಾದ ಟುಟ್ಸಿಗಳನ್ನು ಜಿರಳೆ ಅಂತ ಕರೆಯುವುದೂ ನಡೆಯುತ್ತಿತ್ತು. 1994ರ ಏಪ್ರಿಲ್‌ನಲ್ಲಿ ನರಮೇಧ ಶುರುವಾದ ಮೇಲೆ ಅದೇ ರೇಡಿಯೊ ಜನರ ಹೆಸರು, ಅವರಿರುವ ಜಾಗ, ಗಾಡಿ ನಂಬರ್ ಎಲ್ಲ ಓದಿ ಹೇಳಿತು. ಕೇಳಿಸಿಕೊಂಡವರು ಮಚ್ಚು ಹಿಡಿದು ಹೊರಟರು. ಸುಮಾರು 100 ದಿನಗಳಲ್ಲಿ ಅಂದಾಜು 8 ಲಕ್ಷ ಜನರ ಕೊಲೆಯಾಯಿತು. ಆ ಪ್ರಸಾರವನ್ನು ಜಾಮ್ ಮಾಡಬಹುದೇ ಅಂತ ಅಮೆರಿಕದ ಅಧಿಕಾರಿಗಳು ಯೋಚಿಸಿದ್ದರು. ಖರ್ಚು ಜಾಸ್ತಿ, ಕಾನೂನಿನ ತೊಡಕೂ ಇದೆ ಅಂತ ಕೈಬಿಟ್ಟರು. ‘ಮಾತು ಬರೀ ಮಾತು ತಾನೇ’ ಅಂತ ಯಾರಾದರೂ ಅಂದರೆ ನನಗೆ ಈ ರೇಡಿಯೊ ನೆನಪಾಗುತ್ತದೆ.

ಇಷ್ಟೆಲ್ಲ ಆದ ದೇಶ ಕಠಿಣ ಕಾನೂನು ತಂದರೆ ಯಾರು ತಪ್ಪು ಅಂತಾರೆ? 2008ರಲ್ಲಿ ‘ನರಮೇಧ ಸಿದ್ಧಾಂತ’ದ, ಅಂದರೆ ನರಮೇಧಕ್ಕೆ ಕುಮ್ಮಕ್ಕು ಕೊಡುವ ವಿಚಾರಗಳ ವಿರುದ್ಧ ಕಾಯ್ದೆ ಬಂತು. ಆದರೆ ಅಪರಾಧದ ವ್ಯಾಖ್ಯಾನ ಎಷ್ಟು ಸಡಿಲವಾಗಿತ್ತೆಂದರೆ ಅದರೊಳಗೆ ಏನನ್ನು ಬೇಕಾದರೂ ತುರುಕಬಹುದಿತ್ತು. 2010ರಲ್ಲಿ ವಿರೋಧ ಪಕ್ಷದ ನಾಯಕಿ ವಿಕ್ಟೋಯರ್ ಇಂಗಾಬಿರೆ ಅಧ್ಯಕ್ಷೀಯ ಚುನಾವಣೆಗೆ ನಿಲ್ಲಲು ವಿದೇಶದಿಂದ ವಾಪಸ್ ಬಂದರು. ರಾಜಧಾನಿ ಕಿಗಾಲಿಯ ನರಮೇಧ ಸ್ಮಾರಕದಲ್ಲಿ ನಿಂತು, ಬಹುಸಂಖ್ಯಾತ ಸಮುದಾಯವಾದ ಹುಟುಗಳಲ್ಲಿ ಸತ್ತವರನ್ನೂ ನೆನೆಯಬೇಕು ಎಂಬರ್ಥದ ಮಾತಾಡಿದರು. ಅವರ ಮೇಲೆ ಬೇರೆ ಆರೋಪಗಳೂ ಇದ್ದವು, ಆದರೆ ಈ ಮಾತೂ ಕೇಸಿನ ಭಾಗವಾಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಜೈಲು ಶಿಕ್ಷೆಯನ್ನು 15 ವರ್ಷಕ್ಕೆ ಏರಿಸಿತು. ಅವರ ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆಯಾಗಿದೆ ಅಂತ ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ ಹೇಳಿತು. 2018ರಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿ ಹೊರಬಂದರು.

ಹಾಗಾಗಿ ಯಾವ ದೇಶದ ಕಾನೂನನ್ನು ನೋಡಿದರೂ ನಾನು ಕೇಳುವುದು ಎರಡೇ. ಅದು ಯಾರದೋ ಮನಸ್ಸಿಗೆ ನೋವಾಗುವುದನ್ನು ಅಪರಾಧ ಅನ್ನುತ್ತದೋ, ಅಥವಾ ಒಂದು ಸಮುದಾಯದ ಮೇಲೆ ಜನರನ್ನು ಎತ್ತಿಕಟ್ಟುವುದನ್ನೋ? ಕೇಸು ಹಾಕುವ ಅಧಿಕಾರ ಯಾರ ಕೈಯಲ್ಲಿದೆ?

ಮೊದಲನೆಯದಕ್ಕೆ ಭಾರತದ ಐಟಿ ಕಾಯ್ದೆಯ 66ಎ ಕಲಂ ನೋಡಿ. ಅದು ದ್ವೇಷ ಭಾಷಣಕ್ಕೆಂದೇ ಮಾಡಿದ್ದಲ್ಲ, ಆದರೆ ‘ಕಿರಿಕಿರಿ’, ‘ಅನನುಕೂಲ’ ಕೂಡ ಅದರಲ್ಲಿ ಅಪರಾಧವಾಗಿತ್ತು. 2012ರಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಗಿದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು. ಅವಳನ್ನೂ ಅರೆಸ್ಟ್ ಮಾಡಿದರು, ಅದಕ್ಕೆ ಸುಮ್ನೆ ಲೈಕ್ ಒತ್ತಿದ ಗೆಳತಿಯನ್ನೂ ಬಿಡಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನೇ ರದ್ದು ಮಾಡಿತು. ಚರ್ಚೆ ಬೇರೆ, ಒಂದು ವಾದವನ್ನು ಎತ್ತಿಹಿಡಿಯುವುದು ಬೇರೆ, ಪ್ರಚೋದನೆ ಬೇರೆ ಅಂತ ಬಿಡಿಸಿ ಹೇಳಿತು. ಆದರೆ ತೀರ್ಪು ಬರುವ ಹೊತ್ತಿಗೆ ಹೆದರುವವರು ಹೆದರಿ ಬಾಯಿ ಮುಚ್ಚಿಕೊಂಡಾಗಿರುತ್ತದೆ, ಅಲ್ವಾ? ಇಂಥ ಕೇಸುಗಳಲ್ಲಿ ಠಾಣೆಗೆ ಅಲೆಸುವುದೇ ಶಿಕ್ಷೆ.

ಎರಡನೆಯದಕ್ಕೆ ಕೆನಡಾ ಒಳ್ಳೆಯ ಉದಾಹರಣೆ. ಬೇಕೆಂದೇ ದ್ವೇಷ ಹರಡಿದರೆ ಅಲ್ಲಿ ಅಪರಾಧ. ಆದರೆ ಸರ್ಕಾರದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಒಪ್ಪದೆ ಕೇಸು ನಡೆಸುವಂತಿಲ್ಲ. ಖಾಸಗಿ ಮಾತುಕತೆ ಇದರಡಿ ಬರುವುದಿಲ್ಲ, ಹೇಳಿದ್ದು ನಿಜ ಅಂತ ಸಾಬೀತಾದರೆ ಶಿಕ್ಷೆ ಇಲ್ಲ. ಶಾಲಾ ಮಕ್ಕಳಿಗೆ ಯಹೂದಿ ದ್ವೇಷ ಕಲಿಸುತ್ತಿದ್ದ ಜೇಮ್ಸ್ ಕೀಗ್‌ಸ್ಟ್ರಾ ಎಂಬ ಶಿಕ್ಷಕನ ಕೇಸಿನಲ್ಲಿ, 1990ರಲ್ಲಿ, ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತು. ಅದೂ 4-3 ಬಹುಮತದಿಂದ.

ಈಗ ಅಮೆರಿಕ. 1969ರ ಬ್ರಾಂಡೆನ್‌ಬರ್ಗ್ ತೀರ್ಪಿನ ಪ್ರಕಾರ, ಆ ಕ್ಷಣವೇ ಅಪರಾಧ ನಡೆಸಲು ಪ್ರಚೋದಿಸಿದ್ದರೆ, ಅದು ನಡೆದೇಬಿಡುವ ಸಾಧ್ಯತೆಯೂ ಇದ್ದರೆ ಮಾತ್ರ ಪ್ರಚೋದಕ ಮಾತಿಗೆ ಶಿಕ್ಷೆ. ವಿರೋಧಿಗಳ ಬಾಯಿ ಮುಚ್ಚಿಸಲು ಹೊರಟ ಸರ್ಕಾರಕ್ಕೆ ಇದು ದೊಡ್ಡ ಅಡ್ಡಗೋಡೆ, ಅದಕ್ಕೇ ನನಗೆ ಇದರ ಮೇಲೆ ಗೌರವ. ಆದರೆ ಆರ್‌ಟಿಎಲ್‌ಎಂ ತಿಂಗಳುಗಟ್ಟಲೆ ‘ಜಿರಳೆ’ ಅನ್ನುತ್ತಿದ್ದಾಗ ಈ ಅಳತೆಗೋಲಿಗೆ ಅದು ಸಿಕ್ಕುತ್ತಲೇ ಇರಲಿಲ್ಲ. ಸಿಕ್ಕುವ ಹೊತ್ತಿಗೆ ಕಾಲ ಮೀರಿರುತ್ತಿತ್ತು.

ಜರ್ಮನಿಯ ತೊಂದರೆ ಬೇರೆಯಾಗಿತ್ತು. ಕಾನೂನುಬಾಹಿರ ಪೋಸ್ಟ್‌ಗಳನ್ನು ಬೇಗ ತೆಗೆಯದ ಸೋಷಿಯಲ್ ಮೀಡಿಯಾ ಕಂಪನಿಗಳಿಗೆ 5 ಕೋಟಿ ಯೂರೋವರೆಗೆ ದಂಡ ಅಂತ 2017ರಲ್ಲಿ ಕಾಯ್ದೆ ಮಾಡಿದರು. 2024ರವರೆಗೆ ಅದು ಜಾರಿಯಲ್ಲಿತ್ತು. ತಪ್ಪಾಗಿ ತೆಗೆದರೆ ದಂಡ ಇರಲಿಲ್ಲ. ಕಂಪನಿ ಏನು ಮಾಡುತ್ತದೆ ಹೇಳಿ? ಅನುಮಾನ ಬಂದದ್ದನ್ನೆಲ್ಲ ತೆಗೆಯುತ್ತದೆ. 2018ರ ಜನವರಿಯಲ್ಲಿ, ಮುಸ್ಲಿಂ ವಿರೋಧಿ ಮಾತಾಡಿದ್ದ ರಾಜಕಾರಣಿಯೊಬ್ಬರನ್ನು ಅಣಕಿಸಿದ ‘ಟೈಟಾನಿಕ್’ ಎಂಬ ವಿಡಂಬನೆ ಪತ್ರಿಕೆಯ ಟ್ವಿಟರ್ ಖಾತೆಯೇ ಬ್ಲಾಕ್ ಆಯಿತು.

ನಿಮ್ಮಲ್ಲಿ ಹೊಸ ಮಸೂದೆ ಬಂದರೆ, ಏನೇನು ಅಪರಾಧ ಅಲ್ಲ ಅಂತ ಅದರಲ್ಲಿ ಬರೆದಿದೆಯಾ ನೋಡಿ. ಬ್ರಿಟನ್ 2006ರಲ್ಲಿ ಧಾರ್ಮಿಕ ದ್ವೇಷದ ಕಾಯ್ದೆ ತಂದಾಗ, ಧರ್ಮಗಳ ಟೀಕೆ, ಗೇಲಿ, ನಿಂದನೆಯನ್ನು ಇದು ತಡೆಯುವುದಿಲ್ಲ ಅಂತ ಒಂದು ಕಲಂ ಸೇರಿಸಿತು. ಬೆದರಿಸುವ ಮಾತಾಗಿರಬೇಕು, ದ್ವೇಷ ಕೆರಳಿಸುವ ಉದ್ದೇಶವೂ ಇರಬೇಕು, ಆಗಷ್ಟೇ ಅಪರಾಧ. ಅಂಥ ಕಲಂ ಇಲ್ಲದ ಮಸೂದೆಯಾದರೆ, ತಂದ ಪಕ್ಷ ಯಾವುದೇ ಇರಲಿ, ನಾನು ವಿರೋಧಿಸುತ್ತೇನೆ.